ಏಳನೆಯ ಗುರುತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಹೊಳೆನರಸೀಪುರದ ಸೋದರತ್ತೆ ದೆವ್ವದ ಮಾತು ತೆಗೆದರೆ, "ಅದು ಎಷ್ಟು ಕೆ.ಜಿ. ಇತ್ತತ್ತೆ?" ಎಂದು ರೇಗಿಸುತ್ತಿದ್ದೆ. ಈಗ ನಾನೇ ಒಂದನ್ನು ಹೇಳಬೇಕಾಗಿದೆ. ನಂಬಿ ಎಂದು ಕೇಳುವುದಿಲ್ಲ.

ನನ್ನ ಕೆಲಸ ಹಾಸನದಲ್ಲಿ, ಕಂಪ್ಯೂಟರ್ ಮುಂದೆ. ಹಬೆ ತುಂಬುವ ದಪ್ಪ ಉಕ್ಕಿನ ಟ್ಯಾಂಕುಗಳನ್ನು ವೆಲ್ಡ್ ಮಾಡಿದಾಗ ಬೆಸುಗೆ ಆರುತ್ತಾ ಕುಗ್ಗಿ, ಸುತ್ತಲಿನ ಉಕ್ಕನ್ನು ಜಗ್ಗುತ್ತದೆ. ಆ ಬಿಗಿತ ಕಣ್ಣಿಗೆ ಕಾಣದೆ ಒಳಗೇ ಉಳಿದು, ಮುಂದೆಂದೋ ಬಿರುಕಾಗಬಹುದು. ಟ್ಯಾಂಕಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಚೂರುಗಳಾಗಿ ಒಡೆದು, ವೆಲ್ಡಿಂಗ್ ಬೆಂಕಿಯನ್ನು ಚೂರಿನಿಂದ ಚೂರಿಗೆ ಸಾಗಿಸಿ, ಬಿಗಿತ ಎಷ್ಟೆಂದು ನಾನು ಲೆಕ್ಕ ಹಾಕುತ್ತೇನೆ. ವೆಲ್ಡರ್ ಎರಡು ತಾಸಿನಲ್ಲಿ ಮುಗಿಸುವ ಒಂದು ಸುತ್ತಿಗೆ ಕಂಪ್ಯೂಟರಿಗೆ ಮೂರು ದಿನ ಬೇಕು.

ನಾಲ್ಕು ವರ್ಷದ ಹಿಂದೆ ಅಂಥ ಒಂದು ಟ್ಯಾಂಕಿನ ವೆಲ್ಡರ್ ಜವರಣ್ಣ. ದಂಡಿಗನಹಳ್ಳಿಯವರು, ಚನ್ನರಾಯಪಟ್ಟಣದ ಶೆಡ್ಡಿನಲ್ಲಿ ಕೆಲಸ. ನಾನು ಟ್ಯಾಂಕಿನ ಸುತ್ತ ಗಡಿಯಾರದಂತೆ ಹನ್ನೆರಡು ಗುರುತು ಹಾಕಿ, ಶಾಖ ಅಳೆಯುವ ತಂತಿಗಳನ್ನು ಅಂಟಿಸುತ್ತಿದ್ದಾಗ ಪಕ್ಕಕ್ಕೆ ಬಂದರು.

"ನಾಳೀಕೆ ಮಧ್ಯದಲ್ಲಿ ಒಂದ್ ಗಳಿಗೆ ಕುಂತ್ಕತೀನಿ ಕಣವ್ವ. ಯಾಕೋ ಮೈ ಸೋಲ್ತದೆ."

"ಬೇಡ ಜವರಣ್ಣ. ನೀವು ಕೂತ್ರೆ ಉಕ್ಕು ಆರೋಗುತ್ತೆ, ನನ್ನ ಲೆಕ್ಕ ಹೊಂದಲ್ಲ. ರಾಡ್ ಬದಲಾಯ್ಸೋದು ಬಿಟ್ರೆ ನಿಲ್ಲಿಸ್ಬೇಡಿ."

"ಆಯ್ತು ಬುಡವ್ವ, ನಿನ್ ಲೆಕ್ಕ ಯಾಕ್ ಕೆಡ್ಬೇಕು," ಎಂದು ನಕ್ಕರು.

ಮರುದಿನ ಮಧ್ಯಾಹ್ನ ನಾನು ಆಫೀಸಿನಲ್ಲಿದ್ದೆ. ಕಂಪ್ಯೂಟರಿನ ಚಿತ್ರದಲ್ಲೂ ಅದೇ ಹನ್ನೆರಡು ಗುರುತು ಹಾಕಿದ್ದೆ; ಎರಡು ದಿನದಿಂದ ಓಡುತ್ತಿದ್ದ ಆ ಟ್ಯಾಂಕಿನ ಲೆಕ್ಕ ಏಳನೆಯ ಗುರುತು ದಾಟಿದ್ದೇ ನಿಂತುಬಿಟ್ಟಿತು. ತಪ್ಪಾಗಿದ್ದರೆ ಕಂಪ್ಯೂಟರ್ ಇಂಥ ತಪ್ಪು ಎಂದು ಬರೆದು ತೋರಿಸುತ್ತದೆ; ಅಂದು ಏನೂ ಬರೆಯಲಿಲ್ಲ. ಕರೆಂಟೂ ಹೋಗಿರಲಿಲ್ಲ. ಬೆಂಕಿಯ ಚುಕ್ಕೆ ಸುಮ್ಮನೆ ಒಂದೇ ಕಡೆ ಕೂತಿತ್ತು. ಎರಡು ದಿನದ ಕೆಲಸ ಹಾಳಾಯಿತೆಂದು ಗೊಣಗುತ್ತಿರುವಾಗ ಶೆಡ್ಡಿನ ಸೂಪರ್‌ವೈಸರ್ ಫೋನ್ ಮಾಡಿದರು.

"ಮೇಡಂ, ಜವರಣ್ಣ ವೆಲ್ಡಿಂಗ್ ಮಾಡ್ತಾ ಮಾಡ್ತಾನೇ ಬಿದ್ಬುಟ್ರು. ಆಸ್ಪತ್ರೆ ದಾರೀಲೇ ಓಗ್ಬುಟ್ರು."

ಸಂಜೆ ಶೆಡ್ಡಿಗೆ ಹೋದೆ. ಬೆಸುಗೆ ಏಳನೆಯ ಗುರುತಿನಿಂದ ಹೆಬ್ಬೆರಳಿನಷ್ಟು ಮುಂದೆ ನಿಂತಿತ್ತು. ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ಅಳೆದು ನೋಡಿದೆ. ಅಲ್ಲಿಯೂ ಅಷ್ಟೇ. ಒಂದಕ್ಷರ ಬದಲಿಸದೆ ಅದೇ ಲೆಕ್ಕವನ್ನು ಮೊದಲಿನಿಂದ ಓಡಿಸಿದೆ. ಮೂರು ದಿನಕ್ಕೆ ಸಲೀಸಾಗಿ ಮುಗಿಯಿತು. ಟ್ಯಾಂಕಿನ ಉಳಿದ ಸುತ್ತನ್ನು ಅರಕಲಗೂಡು ಕಡೆಯ ಇನ್ನೊಬ್ಬ ವೆಲ್ಡರ್ ಬಂದು ಮುಗಿಸಿದ.

ತಿಥಿಗೆ ದಂಡಿಗನಹಳ್ಳಿಗೆ ಹೋಗಿದ್ದೆ. ಜವರಣ್ಣನ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾನು ಯಾರೆಂದೂ ಆಕೆಗೆ ತಿಳಿದಿರಲಿಲ್ಲ.

"ಬೆಳಿಗ್ಗೇನೇ ಎದೆ ಇಡ್ಕಂಡಂಗಾಯ್ತದೆ ಅಂದ್ರು ಕಣವ್ವ. ರಜ ಆಕಿ ಅಂದೆ. ಆ ಎಂಜಿನಿಯರ್ ಎಣ್ಮಗ ನಿಲ್ಲಿಸ್ಬ್ಯಾಡಿ ಅಂದದೆ, ಪಾಪ ಅದ್ರ ಲೆಕ್ಕ ಕೆಟ್ಟೋಯ್ತದೆ ಅಂತ ಓದ್ರು."

ಆ ಹೆಣ್ಣುಮಗಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಇಂದಿಗೂ ಹೇಳಿಲ್ಲ.

ಜೊತೆಯ ಎಂಜಿನಿಯರುಗಳು ಕಾಕತಾಳೀಯ ಎನ್ನುತ್ತಾರೆ. ಇರಬಹುದು. ಕಂಪ್ಯೂಟರ್ ಅಲ್ಲಿ ಏಕೆ ನಿಂತಿತೆಂದು ನನಗೆ ಗೊತ್ತಿಲ್ಲ. ಜವರಣ್ಣ ಏಕೆ ನಿಲ್ಲಿಸಲಿಲ್ಲ ಎಂಬುದು ಗೊತ್ತು.