ಒಣಗಿದ ರಾಶಿಗೆ ನೀರು

ಕಲ್ಲಿದ್ದಲಿನಿಂದ ಎಣ್ಣೆ ತೆಗೆಯೋ ಕಾರ್ಖಾನೆಯಲ್ಲಿ ಮೀಸೆ ಮೂಡಿದಾಗಿನಿಂದ ನನ್ನ ಚಿಕ್ಕಪ್ಪನದು ಇದ್ದಲು ಒಣಗಿಸೋ ಕೆಲಸ. ಪಸೆ ಉಳಿದರೆ ಕಾವೆಲ್ಲ ನೀರನ್ನ ಆವಿ ಮಾಡೋದಕ್ಕೇ ಖರ್ಚಾಗುತ್ತೆ, ಎಣ್ಣೆ ಬರಲ್ಲ. ಮ್ಯಾನೇಜರಿಗೂ ಇದು ಗೊತ್ತು. ಆದರೂ ದೊಡ್ಡ ಸಾಹೇಬರು ಬರೋ ದಿನ ಚಿಕ್ಕಪ್ಪನ ಕೈಗೆ ಪೈಪು ಕೊಟ್ಟ.

"ಒಣಗಿದ ರಾಶಿಗೆ ನೀರು ಹೊಡಿ. ಸಾಹೇಬರ ಬಿಳಿ ಅಂಗಿ ಮೇಲೆ ಧೂಳು ಕೂರಬಾರದು."

"ಎಣ್ಣೆ ಕೆಡುತ್ತೆ ಸಾರ್."

"ನಿನ್ನನ್ನ ಕೇಳಿದ್ನಾ?"

ಚಿಕ್ಕಪ್ಪ ನೀರು ಹೊಡೆದ. ಎಣ್ಣೆ ಅರ್ಧಕ್ಕರ್ಧ ಕಮ್ಮಿ ಬಂತು. ಸಾಹೇಬರು ಯಾಕೆ ಅಂತ ಕೇಳಿದರೆ, "ಇವನು ಸರಿಯಾಗಿ ಒಣಗಿಸಿಲ್ಲ" ಅಂದುಬಿಟ್ಟ ಮ್ಯಾನೇಜರು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸೋದು ಅಂದರೆ ಇದೇ. ಅವನ ಮನೆ ಹಾಳಾಗ! ಸಂಜೆಯೊಳಗೆ ಚಿಕ್ಕಪ್ಪನ ಕೆಲಸ ಹೋಯಿತು.

ಸಾಹೇಬರ ಅಂಗಿಗೆ ಒಂದು ಚುಕ್ಕೆಯೂ ಬೀಳಲಿಲ್ಲ. ಚಿಕ್ಕಪ್ಪನ ಕಾರ್ಖಾನೆ ಅಂಗಿಯಲ್ಲಿ ಚಿಕ್ಕಮ್ಮ ಈಗ ನೆಲ ಒರೆಸುತ್ತಾಳೆ. ನೀರನ್ನ ಚೆನ್ನಾಗಿ ಹೀರುತ್ತಂತೆ.