ಸಾಬಿರಾ ಬೀಯ ಆರು ಚಿಲಕ

ಐದಡಿಗೆ ಎರಡಿಂಚು ಕಡಿಮೆ ಎತ್ತರ, ಬಡಕಲು ಮೈ, ಪ್ಲಾಸ್ಟಿಕ್ ವಿಂಗಡಿಸಿ ಒಡೆದ ಬೆರಳುಗಳು, ಚೌಕಾಸಿಗೆ ನಿಂತರೆ ನನಗೇ ಬೆವರಿಳಿಸುವ ನಾಲಿಗೆ. ಶಿವಾಜಿನಗರದ ನನ್ನ ಹಾರ್ಡ್‌ವೇರ್ ಅಂಗಡಿಗೆ ಸಾಬಿರಾ ಬೀ ಮೊದಲ ಸಲ ಬಂದಾಗ ನಾನು ಹಾಕಿದ ಅಂದಾಜು: ಸಣ್ಣ ಗಿರಾಕಿ, ದೊಡ್ಡ ತಲೆನೋವು. ಎರಡನೆಯದು ಸರಿಯಾಗಿತ್ತು.

ಅವಳು ಬರ್ಮಾದಿಂದ ಜೀವ ಉಳಿಸಿಕೊಂಡು ಬಂದು ಹನ್ನೆರಡು ವರ್ಷವಾಯಿತು. ಕೆ.ಆರ್. ಪುರದ ಆಚೆ ಒಂದು ಖಾಲಿ ಜಾಗದಲ್ಲಿ, ಟಾರ್ಪಾಲಿನ್ ಗುಡಿಸಲುಗಳಲ್ಲಿ, ಅವಳಂಥ ನಲವತ್ತು ಸಂಸಾರಗಳಿವೆ. ಜಾಗದ ಒಡೆಯನ ಮೇಸ್ತ್ರಿ ಕೆಂಪರಾಜ್, ಹೆಂಗಸರು ಸ್ನಾನಕ್ಕೆ ಹೋದಾಗಲೆಲ್ಲ ಪರದೆ ಸರಿಸುತ್ತಿದ್ದ. ಗುಡಿಸಲುಗಳ ಹಿರಿಯರಿಗೆ ಹೇಳಿದರೆ, ಬಾಯಿ ಬಿಟ್ಟರೆ ಎಲ್ಲರನ್ನೂ ಎತ್ತಂಗಡಿ ಮಾಡಿಸುತ್ತಾನೆ, ಸುಮ್ಮನಿರು ಎಂದರು. ಪೊಲೀಸ್ ಠಾಣೆಯಲ್ಲಿ ಮೊದಲು ವಿಳಾಸದ ದಾಖಲೆ ಕೇಳಿದರು. ನಿರಾಶ್ರಿತರ ಕಾರ್ಡ್ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿ, ನಾಳೆ ಬನ್ನಿ ಎಂದರು. ಆ ನಾಳೆ ನಾಲ್ಕು ಸಲ ಬಂದು ಹೋಯಿತು. ಕೊನೆಗೆ ಹೆಂಗಸರೇ ಕೂಡಿ ಆರು ಸ್ನಾನದ ಮನೆಗೆ ತಗಡಿನ ಬಾಗಿಲು ಮಾಡಿಸಿದರು. ಚಿಲಕಕ್ಕೆ ಸಾಬಿರಾ ನನ್ನಲ್ಲಿಗೆ ಬಂದಳು.

"ಆರು ಚಿಲಕಕ್ಕೆ ಇಷ್ಟು ಚೌಕಾಸಿನಾ ಬೀ? ಅರಮನೆಗೇನು?" ಎಂದು ಕಾಲೆಳೆದೆ.

"ಅರಮನೇಲಿ ಕಾವಲಿನವ್ರು ಇರ್ತಾರೆ ಸೇಟ್. ನಮಗೆ ಚಿಲಕಾನೇ."

ದೊಡ್ಡ ಉದಾರಿಯಂತೆ ನಮ್ಮ ಫಿಟ್ಟರ್ ಮಂಜೂರನನ್ನು ಕೂಲಿಯಿಲ್ಲದೆ ಕಳಿಸಿಕೊಟ್ಟೆ. ಇಪ್ಪತ್ತು ವರ್ಷದಿಂದ ಅವನು ಗೋಡೌನ್ ಬಾಗಿಲುಗಳನ್ನೇ ಜೋಡಿಸಿದವನು. ಎಂದಿನಂತೆ ಹಾಕು ಎಂದೆ. ಹೆಂಗಸರೆಲ್ಲ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವನು ಎಂದಿನಂತೆಯೇ ಹಾಕಿ ಬಂದ: ಆರೂ ಹೊರಗಡೆ.

ಮರುದಿನ ಬೆಳಿಗ್ಗೆ ಅದೇ ಗುಡಿಸಲುಗಳ ಹತ್ತೊಂಬತ್ತರ ಹುಡುಗಿ ನಾಜಿಶ್ ಸ್ನಾನಕ್ಕೆ ಹೋದಾಗ ಕೆಂಪರಾಜ್ ಹೊರಗಿನಿಂದ ಚಿಲಕ ಹಾಕಿ, ಅರ್ಧ ಗಂಟೆ ಬಾಗಿಲಿಗೆ ಒರಗಿ ನಿಂತ. ಸಾಬಿರಾ ಬಂದು ಅವನನ್ನು ತಳ್ಳಿ ಬಾಗಿಲು ತೆಗೆದಳು. ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದಳು. ಕೂಗಾಡಲಿಲ್ಲ.

"ಮಾಲು ಕಾಯೋ ಹಾಗೆ ಹಾಕಿದ್ದೀರಿ ಸೇಟ್. ಒಳಗೆ ಇರೋದು ಮನುಷ್ಯರು ಅಂತ ನಿಮ್ಮವನಿಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಮಂಜೂರನನ್ನು ಕರೆದುಕೊಂಡು ಆಗಲೇ ಹೊರಟೆ. ಅವನು ಚಿಲಕಗಳನ್ನು ಬಿಚ್ಚಿ ಒಳಗೆ ಜೋಡಿಸುತ್ತಿದ್ದಾಗ ಕೆಂಪರಾಜ್ ಹಲ್ಲುಕಡ್ಡಿ ಕಚ್ಚಿಕೊಂಡು ಬಂದ.

"ಹೊರಗೇ ಚೆನ್ನಾಗಿತ್ತು ಸೇಟ್. ಬೆಳಿಗ್ಗೆ ನಾನ್ ಹಾಕಿದ್ದಕ್ಕೆ ಆ ಹುಡುಗಿ ಹೇಗ್ ಅಳ್ತಿದ್ಲು, ನೀವು ಕೇಳ್ಬೇಕಿತ್ತು."

ನನಗೂ ನಗು ಬರುತ್ತದೆ ಎಂದುಕೊಂಡಿದ್ದನೋ ಏನೋ. ಅವನು ಅತ್ತ ಹೋದಮೇಲೆ ಸಾಬಿರಾ ನನ್ನ ಪಕ್ಕಕ್ಕೆ ಬಂದಳು.

"ನಿಮಗೆ ಅಂಗಡಿ ಇದೆ, ವಿಳಾಸ ಇದೆ. ಠಾಣೆಗೆ ಬಂದು ಈಗ ಕೇಳಿದ್ದನ್ನ ಹೇಳಿ, ಸಾಕು."

ವಾರದ ಕೊನೆ, ವ್ಯಾಪಾರದ ಹೊತ್ತು, ಸೋಮವಾರ ನೋಡೋಣ ಎಂದೆ. ಆ ಜಾಗದ ಒಡೆಯ ಪೈಪು, ತಗಡು ಎಲ್ಲ ನನ್ನಲ್ಲೇ ಕೊಳ್ಳುತ್ತಾನೆ, ಅದನ್ನು ಹೇಳಲಿಲ್ಲ. ಅವಳು ತಲೆಯಾಡಿಸಿದಳು. ಠಾಣೆಯವರ ಬಾಯಲ್ಲಿ ಕೇಳಿದ್ದನ್ನೇ ನನ್ನ ಬಾಯಲ್ಲೂ ಕೇಳಿದ್ದಳು.

ಮೂರು ಸೋಮವಾರ ಕಳೆದಿವೆ. ನಾಜಿಶ್ ಈಗಲೂ ಸಾಬಿರಾ ಬಾಗಿಲ ಹೊರಗೆ ಕೂತರೆ ಮಾತ್ರ ಸ್ನಾನಕ್ಕೆ ಹೋಗುತ್ತಾಳೆ. ಕೆಂಪರಾಜ್ ಅಲ್ಲೇ ಇದ್ದಾನೆ. ಸಾಬಿರಾ ಬೀಗೆ ನಾನು ಕೊಡಬೇಕಾದದ್ದು ಒಂದು ಸಾಕ್ಷಿ ಹೇಳಿಕೆ, ಇನ್ನೂ ಕೊಟ್ಟಿಲ್ಲ.