ಗುಡ್ಡದ ಸಾಲಿಯ ಕೊಟ್ರಮ್ಮ ಟೀಚರ್

ಕೊಟ್ರಮ್ಮ ಟೀಚರ್ ಕಾಲಲ್ಲಿ ಇರುತ್ತಿದ್ದದ್ದು ಗಂಡಸರ ಚಪ್ಪಲಿ. ಲಾರಿ ಟೈರು ಕತ್ತರಿಸಿ ಹೊಲಿಸಿಕೊಂಡದ್ದು. ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲಕ್ಕೆ ಸಿಕ್ಕಿಸಿ, ಬಗಲಲ್ಲಿ ಕೊಡೆ ಇಟ್ಟುಕೊಂಡು ಅವರು ಗುಡ್ಡ ಹತ್ತತೊಡಗಿದರೆ ಹಿಂದಿನವರು ಓಡಬೇಕಾಗುತ್ತಿತ್ತು. ಅವರಿಗೆ ಆಗಲೇ ನಲವತ್ತು ದಾಟಿತ್ತು, ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಓಡುತ್ತಿದ್ದವನು ನಾನೇ.

"ಉಸಿರು ಬಿಡ್ರಿ ರಫೀಕ್ ಮಾಸ್ತರ, ಹಿಡಕೊಂಡು ಏನು ಮಾಡ್ತೀರಿ? ಸರಕಾರದವ್ರು ಅದನ್ನ ಪಗಾರದಾಗ ಕೂಡಿಸಿ ಕೊಡಂಗಿಲ್ಲ" ಎಂದು ಮೇಲಿನಿಂದ ಕೂಗುತ್ತಿದ್ದರು. ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ಹರಪನಹಳ್ಳಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದವರ ಮಗನಾದ ನನಗೆ ಮೊದಲ ನೌಕರಿ ಸಿಕ್ಕಿದ್ದು ಕೂಡ್ಲಿಗಿ ತಾಲ್ಲೂಕಿನಲ್ಲಿ, ಗುಡೇಕೋಟೆ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಇದ್ದವರು ಮೂವರು: ಹೆಡ್‌ಮಾಸ್ತರು ವೀರಭದ್ರಪ್ಪನವರು, ಕೊಟ್ಟೂರಿನ ಕೊಟ್ರಮ್ಮ ಟೀಚರ್, ನಾನು. ಹಾಜರಿಯಲ್ಲಿ ಹೆಸರಿದ್ದ ಮಕ್ಕಳಲ್ಲಿ ಅರ್ಧದಷ್ಟು ಹಾಜರಾಗುತ್ತಿದ್ದದ್ದು ಗುಡ್ಡಕ್ಕೆ. ಬಂಡೆ, ಜಾಲಿ, ಕಾರೆಕಂಟಿ ತುಂಬಿದ ಆ ಗುಡ್ಡದಲ್ಲಿ ಅವರು ಆಡು ಕಾಯುತ್ತಿದ್ದರು.

ಟೀಚರಿಗೆ ಒಂದು ಚಟವಿತ್ತು, ಅರ್ಜಿ ಹಾಕುವ ಚಟ. ಇಲಾಖೆಯಿಂದ ಯಾವ ಸುತ್ತೋಲೆ ಬಂದರೂ ಹೆಡ್‌ಮಾಸ್ತರು ಅದನ್ನು ಮೊಳೆಗೆ ಚುಚ್ಚುವ ಮೊದಲೇ ಇವರು ಕಸಿದುಕೊಂಡು ಓದುತ್ತಿದ್ದರು. ಶಾಲೆಗೆ ಎಲ್ಲಿಂದಾದರೂ ಏನಾದರೂ ಕೊಡುತ್ತಾರೆ ಎಂದು ಗೊತ್ತಾದರೆ ಸಾಕು, ಅವತ್ತೇ ಅರ್ಜಿ ಹೊರಡಬೇಕು. ನನ್ನ ಅಕ್ಷರ ಚೆನ್ನಾಗಿದ್ದ ತಪ್ಪಿಗೆ ಬರೆಯುವ ಕೂಲಿ ನನ್ನದು. ಗ್ರಂಥಾಲಯಕ್ಕೆ ಕೇಳಿದೆವು, ತೋಟಕ್ಕೆ ಕೇಳಿದೆವು. ನಿಯಮದಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ನನಗೆ ಮುಖ ಸಣ್ಣದಾದರೆ ಅವರು ಖುಷಿಯಾಗಿರುತ್ತಿದ್ದರು. "ಇಲ್ಲ ಅಂದ್ರ ಓದ್ಯಾರ ಅಂತಾತು. ಮುಂದಿಂದು ಬರೀರಿ."

"ನಾಚಿಕೆ ಆಗಲ್ವಾ ಟೀಚರ್, ಸುಮ್ಮಸುಮ್ನೆ ಕೇಳೋಕೆ?" ಎಂದು ಒಮ್ಮೆ ಕೇಳಿಬಿಟ್ಟೆ.

"ಯಾಕ್ರೀ ನಾಚಿಕಿ? ನಮ್ಮ ಮನಿಗೆ ಬೀಸೋಕಲ್ಲು ಕೇಳ್ತೀವೇನು?" ಎಂದರು.

ಶಾಲೆಗಳಲ್ಲಿ ಹೊಸ ಪ್ರಯೋಗ ಮಾಡುವವರಿಗೆ ಸಹಾಯಧನ ಕೊಡುತ್ತೇವೆ ಎಂಬ ಸುತ್ತೋಲೆ ಬಂದಾಗ ಅವರು ಆಗಲೇ ಗುಡ್ಡದಲ್ಲಿ ಪಾಠ ಶುರು ಮಾಡಿ ಕೆಲವು ತಿಂಗಳಾಗಿತ್ತು. ಊಟದ ಬಿಡುವು ಮುಗಿದ ಮೇಲೆ ಕೆಳಗಿನ ತರಗತಿಗಳನ್ನು ಹೆಡ್‌ಮಾಸ್ತರಿಗೆ ಒಪ್ಪಿಸಿ ಮೇಲೆ ಹತ್ತುವುದು, ದೊಡ್ಡ ಬಂಡೆಯ ನೆರಳಲ್ಲಿ ಆಡು ಕಾಯುವವರನ್ನು ಕೂಡಿಸುವುದು, ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಮೊದಲ ಪಾಠ ಅವರವರ ಆಡಿನ ಹೆಸರು. ಕರಿಯಾ, ಬೋರಿ, ಕೆಂಚಿ ಎಂದು ಬರೆಯಲು ಕಲಿತ ಮಕ್ಕಳಿಗೆ ಮುಂದಿನದು ಕಷ್ಟವಾಗಲಿಲ್ಲ. ಹತ್ತು ವರ್ಷದ ದುರುಗವ್ವ ಎಂಬ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಬುತ್ತಿ ಕಟ್ಟಿ ತಂದ ಹಳೇ ಪೇಪರನ್ನು ರೊಟ್ಟಿಗಿಂತ ಮೊದಲು ಬಿಚ್ಚಿ ಓದುತ್ತಿದ್ದಳು.

ವೀರಭದ್ರಪ್ಪನವರಿಗೆ ಇದೆಲ್ಲ ಜೀವಭಯ. ಶಾಲೆಯ ವೇಳೆಯಲ್ಲಿ ಶಾಲೆಯ ಹೊರಗೆ ಪಾಠ, ಯಾರ ಅಪ್ಪಣೆ? ಯಾರಾದರೂ ಮೂಗರ್ಜಿ ಬರೆದರೆ? ಅವರು ಕೆಟ್ಟವರಲ್ಲ, ಆದರೆ ಜೀಪಿನ ಸದ್ದು ಕೇಳಿದರೆ ಅಂಗಿಯ ಗುಂಡಿ ಹಾಕಿಕೊಳ್ಳುವ ಮನುಷ್ಯ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. "ನೋಡ್ರಿ ಟೀಚರ್, ಈ ಅರ್ಜಿ ಮಂಜೂರಾದ್ರ ಮಾಡ್ರಿ. ಆಗಲಿಲ್ಲಂದ್ರ ಗುಡ್ಡದ ಸಾಲಿ ಬಂದ್. ಆಮ್ಯಾಲೆ ನನ್ನ ಕೇಳಬ್ಯಾಡ್ರಿ" ಎಂದುಬಿಟ್ಟರು. ಟೀಚರ್ ಒಪ್ಪಿಕೊಂಡರು. ಹಾಗಾಗಿ ಈ ಅರ್ಜಿ ಉಳಿದವುಗಳ ಹಾಗಿರಲಿಲ್ಲ.

ಯೋಜನೆಯಲ್ಲಿ ಹೊಸತೇನು ಎಂಬ ಪ್ರಶ್ನೆಗೆ ನಾನು ದೊಡ್ಡ ದೊಡ್ಡ ಪದ ಹಾಕಿ ಅರ್ಧ ಪುಟ ಬರೆದಿದ್ದೆ. ಓದಿಸಿಕೊಂಡು ನಕ್ಕರು. "ಇದನ್ನ ಓದಿ ಸಾಹೇಬ್ರು ನಿಮಗ ಶಾಲು ಹೊಚ್ತಾರ, ನಮಗ ಬೋರ್ಡು ಕೊಡಂಗಿಲ್ಲ. ಹೊಡದು ಹಾಕ್ರಿ. ಹುಡುಗ್ರು ಎಲ್ಲಿ ಅದಾರ ಅಲ್ಲಿಗೆ ಮಾಸ್ತರು ಹೋಗ್ತಾರ ಅಂತ ಬರೀರಿ, ಸಾಕು." ಬರೆದೆ. ಮಡಚುವ ಕಪ್ಪು ಹಲಗೆ, ಸ್ಲೇಟು, ಪುಸ್ತಕವಿಡಲು ತಗಡಿನ ಪೆಟ್ಟಿಗೆ, ನೆರಳಿಗೊಂದು ತಾಡಪತ್ರಿ ಕೇಳಿದೆವು. ಬಳ್ಳಾರಿಯಿಂದ ಸಾಹೇಬರೊಬ್ಬರು ಬಂದು ಪ್ರಯೋಗವನ್ನು ಕಣ್ಣಾರೆ ನೋಡಿ ವರದಿ ಕೊಡುತ್ತಾರೆ ಎಂದು ಉತ್ತರ ಬಂದ ದಿನ ಟೀಚರ್ ಮೊದಲ ಸಲ ನನಗೆ ಹೆದರಿದವರ ಹಾಗೆ ಕಂಡರು.

ಸಾಹೇಬರು ಬರುವ ದಿನ ನಾವಿಬ್ಬರೂ ಮುಂಚೆಯೇ ಗುಡ್ಡ ಹತ್ತಿದೆವು. ಜೀಪು ಬಂದ ಕೂಡಲೇ ಅವರನ್ನು ಮೇಲೆ ಕರೆತರುವುದು ಹೆಡ್‌ಮಾಸ್ತರ ಕೆಲಸ. ಬಂಡೆಯ ಕೆಳಗೆ ಗುಡಿಸಿ, ನೀರಿನ ಕೊಡ ಇಟ್ಟು ಕಾದೆವು. ಹೊತ್ತು ಏರಿತು. ಒಂದು ಆಡೂ ಬರಲಿಲ್ಲ, ಒಂದು ಮಗುವೂ ಬರಲಿಲ್ಲ. ಅಷ್ಟು ಸುಮ್ಮನಿದ್ದ ಗುಡ್ಡವನ್ನು ನಾನು ನೋಡಿರಲಿಲ್ಲ. ಕರಡಿ ಗಿರಡಿ ಬಂತೇನೋ ಎಂದು ಮೊದಲು ಹೆದರಿದೆ. ಟೀಚರ್ ಎದ್ದು ನಿಂತು ಊರಿನ ಕಡೆ ಕಿವಿಗೊಟ್ಟರು. ಕೆಳಗೆ ಹಟ್ಟಿಗಳಲ್ಲಿ ಆಡುಗಳು ಒಂದೇ ಸಮನೆ ಅರಚುತ್ತಿದ್ದವು.

"ಅಯ್ಯೋ ನಮ್ಮ ಕರ್ಮವೇ, ಸಾಲಿ ತುಂಬಿಸ್ಯಾರ" ಎಂದವರೇ ಇಳಿಯತೊಡಗಿದರು.

ತಪಾಸಣೆಯ ದಿನ ಶಾಲೆ ತುಂಬಿರಬೇಕು ಎಂಬುದು ನಮ್ಮ ಕಡೆಯ ಎಲ್ಲ ಹೆಡ್‌ಮಾಸ್ತರುಗಳಿಗೆ ರಕ್ತದಲ್ಲೇ ಇದ್ದ ವಿಷಯ. ವರ್ಷವಿಡೀ ಬಾರದ ಮಕ್ಕಳನ್ನೂ ಅವತ್ತು ಮೀಯಿಸಿ, ಎಣ್ಣೆ ಹಚ್ಚಿ, ಯಾರದೋ ಅಂಗಿ ತೊಡಿಸಿ ಕೂರಿಸುತ್ತಿದ್ದರು. ವೀರಭದ್ರಪ್ಪನವರು ಬೆಳಕು ಹರಿಯುವ ಮೊದಲೇ ಮನೆಮನೆಗೆ ಹೋಗಿ, ಟೀಚರಿಗೆ ಒಳ್ಳೆಯದಾಗಬೇಕಾದರೆ ಇವತ್ತೊಂದು ದಿನ ಆಡು ಬಿಡಬೇಡಿ, ಮಕ್ಕಳನ್ನು ಕಳಿಸಿ ಎಂದು ಕೈಮುಗಿದು ಬಂದಿದ್ದರಂತೆ. ಟೀಚರ ಮೇಲಿನ ಪ್ರೀತಿಗೆ ಊರೆಲ್ಲ ಒಪ್ಪಿತ್ತು. ಯಾರನ್ನು ಬೈಯುವುದು?

ನಾವು ಬೆವರು ಸುರಿಸುತ್ತ ಒಳಗೆ ಬಂದಾಗ ಜೀಪು ಅಂಗಳದಲ್ಲಿತ್ತು. ಗೋಣಿತಟ್ಟುಗಳ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಮಕ್ಕಳು. ದುರುಗವ್ವ ಮುಂದಿನ ಸಾಲಿನಲ್ಲಿದ್ದಳು, ಹಣೆಗೆ ಎಣ್ಣೆ ಇಳಿಯುತ್ತಿತ್ತು. ಹೆಡ್‌ಮಾಸ್ತರ ಮುಖದಲ್ಲಿ ಮದುವೆ ಮನೆಯ ಕಳೆ.

ಸಾಹೇಬರು ಟೀಚರನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಅರ್ಜಿಯಲ್ಲಿ ಅರ್ಧ ಮಕ್ಕಳು ಶಾಲೆಗೆ ಬರೋದಿಲ್ಲ ಅಂತ ಬರೆದಿದ್ದೀರಿ. ಇಲ್ಲಿ ನೋಡಿದ್ರೆ ಎಲ್ಲರೂ ಇದ್ದಾರೆ. ಮತ್ತೆ ಗುಡ್ಡದಲ್ಲಿ ಪಾಠ ಯಾರಿಗಮ್ಮ?"

ಹೆಡ್‌ಮಾಸ್ತರ ಕಳೆ ಅಲ್ಲೇ ಇಳಿಯಿತು. ತಾವು ಏನು ಮಾಡಿದ್ದೇವೆ ಎಂದು ಅವರಿಗೆ ಗೊತ್ತಾದದ್ದು ಆ ಕ್ಷಣ. ಟೀಚರ್ ಸುಮ್ಮನಿದ್ದರೆ ಗುಡ್ಡದ ಶಾಲೆ ಅವತ್ತಿಗೇ ಮುಗಿಯುತ್ತದೆ. ನಿಜ ಹೇಳಿದರೆ ಹೆಡ್‌ಮಾಸ್ತರು ಮೇಲಧಿಕಾರಿಯ ಎದುರು ಸುಳ್ಳುಗಾರರಾಗುತ್ತಾರೆ. ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು.

"ದುರುಗವ್ವಾ, ಆಡು ಎಲ್ಲೆದಾವ?"

"ಹಟ್ಟ್ಯಾಗ ಕೂಡಿವ್ರಿ."

"ಮೇದಾವೇನು?"

"ಇಲ್ರಿ." ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. "ಅವಾಗಿಂದ ಒದರಾಕತ್ಯಾವ್ರಿ."

"ಹೋಗ್ರಿ. ಯಾರ್ಯಾರು ಆಡು ಕೂಡೀರಿ, ಎದ್ದು ಹೋಗಿ ಬಿಟ್ಕೊಂಡು ಬರ್ರಿ."

ಯಾರೂ ಏಳಲಿಲ್ಲ. ಮಕ್ಕಳು ಹೆಡ್‌ಮಾಸ್ತರ ಮುಖ ನೋಡಿದರು, ಸಾಹೇಬರ ಬೂಟು ನೋಡಿದರು. ದುರುಗವ್ವ ಎದ್ದಳು. ಬಾಗಿಲವರೆಗೆ ಮೆಲ್ಲಗೆ ನಡೆದು, ಹೊಸಿಲು ದಾಟಿದ ಮೇಲೆ ಓಡಿದಳು. ಅವಳ ಹಿಂದೆ ಉಳಿದವರು ದಡಬಡ ಎದ್ದರು. ನೋಡನೋಡುತ್ತ ಅರ್ಧ ಶಾಲೆ ಖಾಲಿಯಾಯಿತು.

"ಇದು ನಮ್ಮ ಸಾಲಿರಿ ಸಾಹೇಬ್ರ" ಎಂದರು ಟೀಚರ್. "ಉಳಿದ ಅರ್ಧ ಇನ್ನೊಂದು ತಾಸಿಗೆ ಗುಡ್ಡದಾಗ ಕೂಡತೈತಿ, ನಡೀರಿ ನೋಡೂಣು. ನಮ್ಮ ಹೆಡ್‌ಮಾಸ್ತರದು ತಪ್ಪಿಲ್ಲ. ನೀವು ಬಂದಾಗ ಸಾಲಿ ತುಂಬಿರಬೇಕು ಅಂತ ಅವ್ರಿಗೆ ನಿಮ್ಮ ಇಲಾಖೆನ ಕಲಿಸೈತಿ."

ಸಾಹೇಬರು ಸಿಟ್ಟಿನಿಂದ ಕೆಂಪಾದರು. ಅಂಗಳಕ್ಕೆ ಹೋಗಿ ಜೀಪಿನ ಪಕ್ಕ ನಿಂತರು. ಇನ್ನೇನು ಹತ್ತುತ್ತಾರೆ ಅನ್ನಿಸಿತು. ಅಷ್ಟರಲ್ಲಿ ಮಕ್ಕಳ ಕೂಗಿನ ಜೊತೆ ಊರಿನ ಆಡುಗಳೆಲ್ಲ ಶಾಲೆಯ ಮುಂದಿನಿಂದಲೇ ಗುಡ್ಡದ ಕಡೆ ನುಗ್ಗಿ ಹೋದವು. ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ಡ್ರೈವರನಿಗೆ ಏನೋ ಹೇಳಿ, ಪ್ಯಾಂಟಿನ ಅಂಚು ಮಡಚಿ ನಮ್ಮ ಹಿಂದೆ ಬಂದರು.

ಬಂಡೆಯ ನೆರಳಲ್ಲಿ ಕೂತು ಅವರು ತಮ್ಮ ಕೈಯಲ್ಲಿದ್ದ ಪೇಪರನ್ನು ದುರುಗವ್ವನಿಗೆ ಕೊಟ್ಟು ಓದು ಎಂದರು. ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು ತಡವರಿಸುತ್ತ ಓದತೊಡಗಿದಳು. ನಡುವೆ ಒಂದು ಆಡು ಯಾರದೋ ಸಜ್ಜೆ ಹೊಲದ ಕಡೆ ಇಳಿಯಿತು. ತಲೆ ಎತ್ತಿ, "ಏಯ್ ಬೋರೀ, ನಿನ್ನ ಕಾಲು ಮುರೀತೀನಿ ನೋಡು" ಎಂದು ಗುಡ್ಡ ಅದುರುವ ಹಾಗೆ ಕೂಗಿದಳು. ಬೆರಳು ಮಾತ್ರ ಪೇಪರಿನ ಮೇಲೆ ಇದ್ದಲ್ಲೇ ಇತ್ತು. ಆಡು ತಿರುಗಿದ ಮೇಲೆ ಅದೇ ಅಕ್ಷರದಿಂದ ಮುಂದೆ ಓದಿದಳು. ಸಾಹೇಬರು ಕೊಡದಿಂದ ನೀರು ಕುಡಿದು, ಬಿಸಿಲು ಜಾಸ್ತಿ ಎಂದು ಇಳಿದು ಹೋದರು.

ಸಂಜೆ ವೀರಭದ್ರಪ್ಪನವರು ಸಾಹೇಬರಿಗೆಂದು ಮಾಡಿಸಿ ಆರಿ ತಣ್ಣಗಾದ ಉಪ್ಪಿಟ್ಟಿನ ಮುಂದೆ ಒಬ್ಬರೇ ಕೂತಿದ್ದರು. "ಊರ ಮುಂದ ನನ್ನ ಮಾನ ತಗದ್ರಿ ಟೀಚರ್. ಇನ್ನ ಈ ಸಾಲ್ಯಾಗ ನೀವರ ಇರಬೇಕು, ನಾನರ ಇರಬೇಕು. ಇವತ್ತ ಬಳ್ಳಾರಿಗೆ ಬರದು ಹಾಕ್ತೀನಿ" ಎಂದರು. ಮಾತಿಗೆ ಮಾತು ಕೊಡದೆ ಬಿಡದ ಟೀಚರ್ ಅವತ್ತು ತಲೆ ತಗ್ಗಿಸಿ ನಿಂತರು. ಆಮೇಲಿನ ದಿನಗಳು ಕೆಟ್ಟವು. ಒಂದೇ ಕೋಣೆಯಲ್ಲಿದ್ದು ಇಬ್ಬರೂ ಮಾತಾಡುತ್ತಿರಲಿಲ್ಲ. "ಟೀಚರಿಗೆ ಸುಣ್ಣದಕಡ್ಡಿ ಬೇಕೇನು ಕೇಳ್ರಿ" ಎಂದು ಅವರು ನನಗೆ ಹೇಳುವುದು, "ಅದಾವ ಅಂತ ಹೇಳ್ರಿ" ಎಂದು ಇವರು ನನಗೆ ಹೇಳುವುದು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಮೂವರೂ ಬಾಗಿಲ ಕಡೆ ನೋಡುತ್ತಿದ್ದೆವು.

ಕೊನೆಗೆ ಎರಡು ಲಕೋಟೆ ಒಟ್ಟಿಗೇ ಬಂದವು. ಗುಡ್ಡದ ಶಾಲೆಗೆ ಸಹಾಯಧನ ಮಂಜೂರಾಗಿತ್ತು. ಕೊಟ್ರಮ್ಮ ಟೀಚರಿಗೆ ಹಡಗಲಿ ತಾಲ್ಲೂಕಿಗೆ, ಹಿರೇಹಡಗಲಿ ಆಚೆಯ ಹಳ್ಳಿಗೆ ವರ್ಗವಾಗಿತ್ತು.

ವೀರಭದ್ರಪ್ಪನವರು ಎರಡನ್ನೂ ಓದಿ ಕುಸಿದು ಕೂತರು. "ಸಿಟ್ಟಿನ್ಯಾಗ ಬರದಿದ್ದೆ ಟೀಚರ್. ಇದಾಗತೈತಿ ಅಂತ ಅನಕೊಂಡಿರಲಿಲ್ಲ. ನಾಳೆನ ಬಳ್ಳಾರಿಗೆ ಹೋಗಿ ಕಾಲು ಹಿಡದು ರದ್ದು ಮಾಡಿಸ್ಕೊಂಡು ಬರ್ತೀನಿ."

"ಬ್ಯಾಡ್ರಿ" ಎಂದರು ಟೀಚರ್. "ನೀವು ಹೋದ್ರ ಯಾಕ ಬರದ್ರಿ ಅಂತ ಕೇಳ್ತಾರ. ಅವತ್ತಿಂದು ಸಾಹೇಬ್ರು ವರದ್ಯಾಗ ಬರೀದ ಬಿಟ್ಟಿದ್ದೆಲ್ಲ ಮ್ಯಾಲಿನವ್ರಿಗೆ ಹೇಳಬೇಕಾಗತೈತಿ. ಸಾಲಿ ತುಂಬಿಸಿದ್ದು, ಬಿಡಿಸಿದ್ದು. ಮಂಜೂರಾಗಿದ್ದೂ ನಿಂತು ಹೋಗತೈತಿ. ಅದನ್ನ ಕೆದಕಬ್ಯಾಡ್ರಿ, ನಾ ಹೋಗ್ತೀನಿ." ಹೆಡ್‌ಮಾಸ್ತರು ಮಕ್ಕಳ ಹಾಗೆ ಅತ್ತರು. ನನಗೂ ತಡೆಯಲಾಗಲಿಲ್ಲ. ಟೀಚರ್ ಮಾತ್ರ ನನ್ನ ಕಡೆ ತಿರುಗಿ, "ನೀವ್ಯಾಕ ಅಳ್ತೀರಿ ಮಾಸ್ತರ, ಗುಡ್ಡ ಹತ್ತೋದು ಈಗ ನಿಮ್ಮ ಪಾಲಿಗೆ ಬಂತಂತನಾ?" ಎಂದರು.

ಮಕ್ಕಳಿಗೆ ಹೇಳಬಾರದೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ಹೇಳಿದರೆ ಆಡು ಬಿಟ್ಟು ಬಸ್ಸಿಗೆ ಬಂದು ನಿಲ್ಲುತ್ತಾರೆ, ಮನೆಯಲ್ಲಿ ಹೊಡೆತ ತಿನ್ನುತ್ತಾರೆ ಎಂಬುದು ಅವರ ಚಿಂತೆ. ಹೊರಡುವ ದಿನ ಅವರ ಟ್ರಂಕು ಹೊತ್ತು ರಸ್ತೆಯ ಬೇವಿನ ಮರದ ಕೆಳಗೆ ಬಂದೆ. ಕೂಡ್ಲಿಗಿಯ ಬಸ್ಸು ತಡವಾಗಿತ್ತು. ಟೀಚರ್ ರಸ್ತೆ ನೋಡುವುದು ಬಿಟ್ಟು ನೆತ್ತಿಯ ಬಿಸಿಲು ನೋಡುತ್ತಿದ್ದರು.

"ಹುಡುಗ್ರು ಬಂದು ಕುಂತಿರ್ತಾವ. ನೀವು ನಡೀರಿ."

"ಬಸ್ಸು ಬರ್ಲಿ ಟೀಚರ್, ಹತ್ತಿಸೇ ಹೋಗ್ತೀನಿ."

"ನಾನೇನು ಸಣ್ಣ ಹುಡುಗೇನ್ರಿ ಹತ್ತಿಸಾಕ? ಮೊದಲನೇ ದಿನ ಮಾಸ್ತರು ಬರಲಿಲ್ಲಂದ್ರ ಎರಡನೇ ದಿನ ಅವು ಕೂಡಂಗಿಲ್ಲ. ನಡೀರಿ ಅಂದ್ರ ನಡೀರಿ." ನಿಜವಾಗಿಯೂ ಗದರಿದರು. ನಾನು ಹೊರಟೆ. ತಿರುಗಿ ನೋಡಿದರೆ ಕೈ ಬೀಸಿ ಇನ್ನೂ ಬೇಗ ನಡೆ ಎಂದು ಸನ್ನೆ ಮಾಡಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಗುಡ್ಡದ ಅರ್ಧಕ್ಕೆ ಬಂದಾಗ ಬಸ್ಸಿನ ಸದ್ದು ಕೇಳಿತು. ನಿಂತರೆ ಕಾಣುತ್ತಿತ್ತು. ನಿಲ್ಲಲಿಲ್ಲ. ಬಂಡೆಯ ಕೆಳಗೆ ಮಕ್ಕಳು ಕೂತಿದ್ದರು. ಮಂಜೂರಾದ ಹಣದಲ್ಲಿ ಆಗಷ್ಟೇ ಬಂದಿದ್ದ ಹೊಸ ಹಲಗೆಯನ್ನು ಬಿಡಿಸಿ ನಿಲ್ಲಿಸಿದೆ.

"ಟೀಚರ್ ಎಲ್ರಿ?" ಎಂದಳು ದುರುಗವ್ವ.

"ಇವತ್ತು ನಾನು ಪಾಠ ಮಾಡ್ತೀನಿ."

ಅವಳು ಕೆಳಗೆ ರಸ್ತೆಯಲ್ಲಿ ಏಳುತ್ತಿದ್ದ ಧೂಳನ್ನೇ ನೋಡುತ್ತಿದ್ದಳು.

"ನಾಳಿಗ್ರಿ?"

"ನಾಳೆನೂ ನಾನೇ" ಎಂದೆ.